ರೋರಿ ಗ್ಯಾಲಹರ್ ಅವರ ಲೈವ್ ಧ್ವನಿಮುದ್ರಣಗಳಲ್ಲಿ ಅಂಥದ್ದೇನಿದೆ?

ಮುಳ್ಳಯ್ಯನಗಿರಿ, ಚಿಕ್ಕಮಗಳೂರು

ರಾಕ್ ಸಂಗೀತ ಕೇಳುವವರು ನಮ್ಮ ಹಾಸನ, ಚಿಕ್ಕಮಗಳೂರು ಸೀಮೆಯಲ್ಲಿ ಕಡಿಮೆಯೇನಿಲ್ಲ. ಆದರೆ ಐರ್ಲೆಂಡಿನ ಗಿಟಾರ್ ವಾದಕ ಹಾಗೂ ಗಾಯಕ ರೋರಿ ಗ್ಯಾಲಹರ್ ಅವರ ಹೆಸರೆತ್ತಿದರೆ ಗುರುತು ಹಿಡಿಯುವವರು ವಿರಳ. ಹಿಡಿದವರೂ ಒಂದೆರಡು ಸ್ಟುಡಿಯೋ ಆಲ್ಬಮ್ ಕೇಳಿ, ಚೆನ್ನಾಗಿದೆ ಎಂದಷ್ಟೇ ಹೇಳಿ ಮುಂದೆ ಹೋಗಿರುತ್ತಾರೆ. ಈ ಕಲಾವಿದರನ್ನು ಸ್ಟುಡಿಯೋ ಆಲ್ಬಮ್‌ಗಳಿಂದಲೇ ಅಳೆಯಲು ಹೊರಟರೆ ಅವರ ಅರ್ಧ ಭಾಗ ಮಾತ್ರ ನಮಗೆ ಸಿಗುತ್ತದೆ ಎಂಬುದು ನನ್ನ ಬಲವಾದ ಅಭಿಪ್ರಾಯ. ಅದನ್ನು ಇಲ್ಲಿ ವಿವರವಾಗಿ ಬರೆಯಬೇಕೆಂದು ಬಹಳ ದಿನದಿಂದ ಮನಸ್ಸಿತ್ತು.

ಪರಿಚಯವಿಲ್ಲದವರಿಗಾಗಿ ಎರಡು ಮಾತು. ರೋರಿ ಹುಟ್ಟಿದ್ದು 1948ರ ಮಾರ್ಚ್ 2ರಂದು, ಐರ್ಲೆಂಡಿನ ಬ್ಯಾಲಿಶ್ಯಾನನ್ ಎಂಬ ಸಣ್ಣ ಊರಿನಲ್ಲಿ. ಬೆಳೆದದ್ದು ಕಾರ್ಕ್ ನಗರದಲ್ಲಿ. 1966ರಿಂದ 1970ರವರೆಗೆ ‘ಟೇಸ್ಟ್’ ಎಂಬ ತಂಡವನ್ನು ನಡೆಸಿ, ಆಮೇಲೆ ತಮ್ಮ ಹೆಸರಿನಲ್ಲೇ ನುಡಿಸಿದರು. 1995ರ ಜೂನ್ 14ರಂದು, 47ನೆಯ ವಯಸ್ಸಿನಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಹಾಡುಗಳನ್ನು ಸಿಂಗಲ್‌ಗಳಾಗಿ ಬಿಡುಗಡೆ ಮಾಡುವುದು ಅವರಿಗೆ ಒಗ್ಗುತ್ತಿರಲಿಲ್ಲ. ಊರಿಂದೂರಿಗೆ ತಿರುಗಿ ಜನರೆದುರು ನುಡಿಸುವುದನ್ನೇ ಅವರು ಬದುಕಾಗಿ ಮಾಡಿಕೊಂಡಿದ್ದರು.

1972ರ ‘ಲೈವ್ ಇನ್ ಯುರೋಪ್’ ಆಲ್ಬಮ್ಮನ್ನೇ ತೆಗೆದುಕೊಳ್ಳಿ. ಲೈವ್ ಆಲ್ಬಮ್ ಎಂದರೆ ಈಗಾಗಲೇ ಹೆಸರು ಮಾಡಿದ ಹಾಡುಗಳನ್ನು ಚಪ್ಪಾಳೆಯ ಸಮೇತ ಮತ್ತೊಮ್ಮೆ ಮಾರುವುದು ಎಂಬ ಭಾವನೆ ಅನೇಕರಲ್ಲಿದೆ. ಇದರಲ್ಲಿ ಹಿಂದಿನ ಸ್ಟುಡಿಯೋ ಆಲ್ಬಮ್‌ಗಳಿಂದ ಬಂದವು ‘ಲಾಂಡ್ರೊಮ್ಯಾಟ್’ ಮತ್ತು ‘ಇನ್ ಯುವರ್ ಟೌನ್’ ಎಂಬ ಎರಡೇ ಹಾಡುಗಳು. ಉಳಿದವನ್ನು ಅವರು ಅದುವರೆಗೆ ತಮ್ಮ ಯಾವ ಸ್ಟುಡಿಯೋ ಆಲ್ಬಮ್ಮಿನಲ್ಲೂ ಸೇರಿಸಿರಲಿಲ್ಲ. ಅವು ಜನರ ನಡುವೆಯೇ ರೂಪುಗೊಂಡು, ಜನರ ನಡುವೆಯೇ ಮುದ್ರಣಗೊಂಡವು. ‘ಗೋಯಿಂಗ್ ಟು ಮೈ ಹೋಮ್‌ಟೌನ್’ ಹಾಡಿನಲ್ಲಿ ಗಿಟಾರ್ ಬದಿಗಿಟ್ಟು ಮ್ಯಾಂಡೊಲಿನ್ ಹಿಡಿಯುತ್ತಾರೆ. ಅಲ್ಲಿ ಲಯವನ್ನು ಹೊತ್ತು ನಡೆಸುವ ಕೆಲಸದಲ್ಲಿ ಸಭಿಕರ ಚಪ್ಪಾಳೆಗೂ ಪಾಲಿದೆ. ಆ ಚಪ್ಪಾಳೆಯನ್ನು ತೆಗೆದುಹಾಕಿದರೆ ಹಾಡಿಗೆ ನೆಲೆಯೇ ಇರುವುದಿಲ್ಲ.

ಇನ್ನು ‘ಐರಿಷ್ ಟೂರ್ ’74’. 1974ರ ಜನವರಿಯಲ್ಲಿ ಬೆಲ್‌ಫಾಸ್ಟ್, ಡಬ್ಲಿನ್ ಮತ್ತು ಕಾರ್ಕ್ ನಗರಗಳ ಸಂಗೀತ ಕಚೇರಿಗಳಲ್ಲಿ ಮುದ್ರಿಸಿ, ಅದೇ ವರ್ಷ ಎರಡು ಎಲ್‌ಪಿಗಳಾಗಿ ಹೊರತಂದ ಆಲ್ಬಮ್ ಇದು. ಉತ್ತರ ಐರ್ಲೆಂಡಿನಲ್ಲಿ ಬಾಂಬು, ಬಂದೂಕುಗಳ ಹಿಂಸೆ ನಡೆಯುತ್ತಿದ್ದ ಕಾಲ. ಹೊರಗಿನ ಬಹುಪಾಲು ತಂಡಗಳು ಬೆಲ್‌ಫಾಸ್ಟಿಗೆ ಬರುವುದನ್ನು ನಿಲ್ಲಿಸಿದ್ದವು. ರೋರಿ ನಿಲ್ಲಿಸಲಿಲ್ಲ. ಅಲ್ಲಿನ ಅಲ್ಸ್ಟರ್ ಹಾಲ್‌ನಲ್ಲಿ ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಎರಡೂ ಧರ್ಮಪಂಗಡಗಳ ಯುವಕರು ಒಂದೇ ಸೂರಿನಡಿ ಸೇರಿ ಅವರ ಸಂಗೀತ ಕೇಳುತ್ತಿದ್ದರು. ಆ ಆಲ್ಬಮ್ಮಿನಲ್ಲಿ ಜನರ ಕೂಗು ಅಷ್ಟು ಬಿಸಿಯಾಗಿರುವುದಕ್ಕೆ ಈ ಹಿನ್ನೆಲೆಯೂ ಕಾರಣವೆಂದು ನಾನು ನಂಬುತ್ತೇನೆ.

ಒಂದು ಹಾಡನ್ನು ಹತ್ತಿರದಿಂದ ನೋಡೋಣ. ‘ಎ ಮಿಲಿಯನ್ ಮೈಲ್ಸ್ ಅವೇ’ 1973ರ ‘ಟ್ಯಾಟೂ’ ಆಲ್ಬಮ್ಮಿನಲ್ಲಿ ಸುಮಾರು 7 ನಿಮಿಷದ ಹಾಡು. ‘ಐರಿಷ್ ಟೂರ್’ನಲ್ಲಿ ಅದು 9 ನಿಮಿಷ ದಾಟುತ್ತದೆ. ಜನ ಕಿಕ್ಕಿರಿದಿರುವ ಜಾಗದಲ್ಲಿ ಒಂಟಿಯಾಗಿ ಕುಳಿತವನ ಹಾಡದು. ಸ್ಟುಡಿಯೋ ರೂಪದಲ್ಲಿ ಒಂಟಿತನ ಮಾತ್ರ ಕೇಳಿಸುತ್ತದೆ. ಜನರಿದ್ದಾರೆಂದು ಸಾಹಿತ್ಯ ಹೇಳುತ್ತದೆ, ಕಿವಿಗೆ ಸಿಗುವುದಿಲ್ಲ. ಲೈವ್ ಮುದ್ರಣದಲ್ಲಿ ಜನರು ನಿಜವಾಗಿಯೂ ಇದ್ದಾರೆ. ನಡುವೆ ತಂಡ ಧ್ವನಿಯನ್ನು ತಗ್ಗಿಸಿ, ಗಿಟಾರಿನ ಒಂದೊಂದೇ ಸ್ವರ ಬಿಡಿಬಿಡಿಯಾಗಿ ಬರತೊಡಗಿದಾಗ, ತುಂಬಿದ ಸಭಾಂಗಣದಲ್ಲಿ ಒಬ್ಬ ಮನುಷ್ಯ ತನ್ನಷ್ಟಕ್ಕೆ ತಾನಿರುವುದು ಎಂದರೇನೆಂದು ಅರ್ಥವಾಗುತ್ತದೆ. ಹಾಡಿನ ಅರ್ಥ ಪೂರ್ಣವಾಗಲು ಸಭಿಕರೇ ಬೇಕಾಯಿತು ಎಂಬುದನ್ನು ಗಮನಿಸಿ. ನಿಮ್ಮೆಲ್ಲರ ಅಭಿಪ್ರಾಯ ತಿಳಿಸಿ.

ಹೇಮಾವತಿ ದಂಡೆ, ಸಕಲೇಶಪುರ

ಸರ್, ನೀವು ಪ್ರೀತಿಯಿಂದ ಬರೆದಿದ್ದೀರಿ, ಆದರೆ ನನಗೆ ಗಂಭೀರವಾದ ತಕರಾರುಗಳಿವೆ. ಸ್ಟುಡಿಯೋ ಎಂದರೆ ಕಲಾವಿದ ತನ್ನ ಕೆಲಸವನ್ನು ಮತ್ತೆ ಕೇಳಿ, ತೂಗಿ ನೋಡಿ, ಬೇಡವಾದದ್ದನ್ನು ಬಿಟ್ಟು, ಬೇಕಾದದ್ದನ್ನು ಮಾತ್ರ ಉಳಿಸಿಕೊಳ್ಳುವ ಸ್ಥಳ. ಅಲ್ಲಿ ವಿವೇಚನೆಗೆ ಅವಕಾಶವಿದೆ. ವೇದಿಕೆಯ ಮೇಲೆ ಅದಿಲ್ಲ. ಜನ ಹುರಿದುಂಬಿಸಿದಷ್ಟೂ ಸೋಲೊ, ಎಂದರೆ ಗಿಟಾರ್ ಮುಂದೆ ನಿಂತು ನುಡಿಯುವ ಭಾಗ, ಉದ್ದವಾಗುತ್ತದೆ. ‘ವಾಕ್ ಆನ್ ಹಾಟ್ ಕೋಲ್ಸ್’ ಸ್ಟುಡಿಯೋದಲ್ಲಿ 7 ನಿಮಿಷದಲ್ಲಿ ಮುಗಿದರೆ, ‘ಐರಿಷ್ ಟೂರ್’ನಲ್ಲಿ 11 ನಿಮಿಷ ಹಿಡಿಯುತ್ತದೆ. ಆ ಹೆಚ್ಚುವರಿ 4 ನಿಮಿಷ ಅಂದು ಅಲ್ಲಿದ್ದವರಿಗೆ ಬೇಕಾಗಿದ್ದಿರಬಹುದು. ಐವತ್ತು ವರ್ಷದ ನಂತರ, ಸಕಲೇಶಪುರದಲ್ಲಿ ಮಳೆಗಾಲದ ಸಂಜೆ ಮನೆಯೊಳಗೆ ಕುಳಿತು ಕೇಳುವ ನನಗೂ ಅದು ಬೇಕೇ?

ಎರಡನೆಯದಾಗಿ, ಲೈವ್ ಎಂದು ಅಚ್ಚಾದದ್ದೆಲ್ಲ ಲೈವ್ ಅಲ್ಲ. ಅದೇ ಐರ್ಲೆಂಡಿನ ‘ಥಿನ್ ಲಿಜ್ಜಿ’ ತಂಡದ 1978ರ ‘ಲೈವ್ ಆ್ಯಂಡ್ ಡೇಂಜರಸ್’ ಆಲ್ಬಮ್ಮಿನ ದೊಡ್ಡ ಭಾಗವನ್ನು ಆಮೇಲೆ ಸ್ಟುಡಿಯೋದಲ್ಲಿ ಮತ್ತೆ ನುಡಿಸಿ ಸೇರಿಸಲಾಯಿತೆಂದು ಅದರ ನಿರ್ಮಾಪಕ ಟೋನಿ ವಿಸ್ಕಾಂಟಿ ಅವರೇ ಹೇಳಿದ್ದರು. ತಂಡದವರು ಅದನ್ನು ಒಪ್ಪಲಿಲ್ಲ. ಸತ್ಯ ಯಾರ ಕಡೆಗಿದ್ದರೂ, ಕೇಳುಗನಿಗೆ ಅದನ್ನು ಕಿವಿಯಿಂದ ಪತ್ತೆಹಚ್ಚುವ ದಾರಿಯಿಲ್ಲ. ಹಾಗಿರುವಾಗ ‘ಆ ಕ್ಷಣದ ಸತ್ಯ’ ಎಂದು ನಾವು ಮೆಚ್ಚಿಕೊಳ್ಳುವುದು ಯಾವುದನ್ನು?

ಸೌಂಡ್ ಬಾಕ್ಸ್, ಹಾಸನ

ಸಮಾರಂಭಗಳಿಗೆ ಧ್ವನಿವರ್ಧಕ, ಮಿಕ್ಸರ್ ಹಾಕುವುದು ನನ್ನ ವೃತ್ತಿ. ಸಕಲೇಶಪುರದವರ ಎರಡನೆಯ ಪ್ರಶ್ನೆಗೆ ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ವೇದಿಕೆಯ ಮೇಲೆ ಗಾಯಕನ ಮುಂದಿನ ಮೈಕಿಗೆ ಗಾಯಕನ ದನಿ ಮಾತ್ರ ಹೋಗುವುದಿಲ್ಲ. ಹಿಂದಿನ ಡ್ರಮ್ಸ್, ಪಕ್ಕದ ಗಿಟಾರ್ ಆಂಪ್ಲಿಫೈಯರ್, ಎದುರಿನ ಜನ, ಗೋಡೆಗೆ ಬಡಿದು ಹಿಂತಿರುಗುವ ಸದ್ದು, ಎಲ್ಲವೂ ಅದರೊಳಗೆ ಸೇರಿಕೊಳ್ಳುತ್ತವೆ. ಡ್ರಮ್ಸಿನ ಮೈಕಿನಲ್ಲಿ ಗಿಟಾರ್ ಇರುತ್ತದೆ, ಗಿಟಾರಿನ ಮೈಕಿನಲ್ಲಿ ಡ್ರಮ್ಸ್ ಇರುತ್ತದೆ. ಆಮೇಲೆ ಸ್ಟುಡಿಯೋದಲ್ಲಿ ಕುಳಿತು ಹಾಡಿನ ಒಂದು ಸಾಲನ್ನು ಬದಲಿಸಿದರೂ ಹಳೆಯ ಸಾಲಿನ ನೆರಳು ಉಳಿದ ಮೈಕುಗಳಲ್ಲಿ ಉಳಿದುಕೊಂಡಿರುತ್ತದೆ. ಆದ್ದರಿಂದ ಸಣ್ಣ ವೇದಿಕೆಯಲ್ಲಿ, ಎಲ್ಲರೂ ಒತ್ತಾಗಿ ನಿಂತು, ಜೋರಾಗಿ ನುಡಿಸಿದ ಕಚೇರಿಯನ್ನು ತಿದ್ದುವುದು ಕಷ್ಟ. ಅಸಾಧ್ಯ ಎಂದು ಹೇಳುತ್ತಿಲ್ಲ. ಆದರೆ ಹಾಗೆ ತಿದ್ದಿದಾಗ ಬದಲಾದ ಭಾಗದ ಸುತ್ತಲಿನ ಸ್ಥಳದ ಗುಂಗು ಬೇರೆಯಾಗುತ್ತದೆ. ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳುವವರಿಗೆ ಅನೇಕ ಸಲ ಅದರ ಸುಳಿವು ಸಿಗುತ್ತದೆ.

‘ಐರಿಷ್ ಟೂರ್’ ಮುದ್ರಣಕ್ಕೆ ಬಳಸಿದ್ದು ಇಂಗ್ಲೆಂಡಿನ ಸಂಗೀತಗಾರ ರೋನಿ ಲೇನ್ ಅವರ ಸಂಚಾರಿ ಸ್ಟುಡಿಯೋ. ಏರ್‌ಸ್ಟ್ರೀಮ್ ಕಂಪನಿಯ ಟ್ರೇಲರ್ ಒಂದರೊಳಗೆ ಟೇಪ್ ಯಂತ್ರ, ಮಿಕ್ಸರ್ ಅಳವಡಿಸಿ, ಅದನ್ನು ಸಭಾಂಗಣದ ಹೊರಗೆ ನಿಲ್ಲಿಸಿ, ಕೇಬಲ್ ಎಳೆದು ಮುದ್ರಿಸುವ ವ್ಯವಸ್ಥೆ ಅದು. ಸಭಾಂಗಣ ಖಾಲಿಯಿದ್ದಾಗ ಒಂದು ಸದ್ದು, ತುಂಬಿದಾಗ ಮತ್ತೊಂದು. ನಮ್ಮ ಹಾಸನಾಂಬ ಕಲಾಕ್ಷೇತ್ರದಲ್ಲಿ ಮಧ್ಯಾಹ್ನ ಧ್ವನಿ ಪರೀಕ್ಷೆ ಮಾಡಿ ಎಲ್ಲ ಸರಿಹೊಂದಿಸಿಟ್ಟರೂ, ಸಂಜೆ ಜನ ಬಂದು ಕುಳಿತ ಮೇಲೆ ಮತ್ತೆ ಗುಂಡಿಗಳನ್ನು ತಿರುಗಿಸಲೇಬೇಕಾಗುತ್ತದೆ. ಮನುಷ್ಯರ ಮೈ, ಬಟ್ಟೆಗಳು ಸದ್ದನ್ನು ಹೀರಿಕೊಳ್ಳುತ್ತವೆ. ಸಭಿಕರು ಧ್ವನಿಮುದ್ರಣವನ್ನು ಬದಲಿಸುತ್ತಾರೆ ಎಂಬುದು ಭಾವುಕ ಮಾತಲ್ಲ, ಅಕ್ಷರಶಃ ನಿಜ.

ಇನ್ನೊಂದು ಸಂಗತಿ ಗಿಟಾರಿನದು. ಆರಂಭದ ವರ್ಷಗಳಲ್ಲಿ ರೋರಿ ವಾಕ್ಸ್ ಎಸಿ 30 ಆಂಪ್ಲಿಫೈಯರಿನ ಮುಂದೆ ರೇಂಜ್‌ಮಾಸ್ಟರ್ ಎಂಬ ಸಣ್ಣ ಪೆಟ್ಟಿಗೆಯನ್ನು ಜೋಡಿಸುತ್ತಿದ್ದರು. ಅದು ತಾರ ಸ್ವರಗಳನ್ನು ಎತ್ತಿ ಆಂಪ್ಲಿಫೈಯರಿನ ವಾಲ್ವ್‌ಗಳನ್ನು ಮಿತಿಮೀರಿ ದುಡಿಸುತ್ತದೆ. ಆಗ ಗಿಟಾರಿನ ಮೇಲಿನ ವಾಲ್ಯೂಮ್ ಗುಂಡಿಯನ್ನು ಸ್ವಲ್ಪ ಇಳಿಸಿದರೆ ನಾದ ತಿಳಿಯಾಗುತ್ತದೆ, ಏರಿಸಿದರೆ ಒರಟಾಗುತ್ತದೆ. ಅವರು ನುಡಿಸುತ್ತಲೇ ಕಿರುಬೆರಳಿನಿಂದ ಆ ಗುಂಡಿಗಳನ್ನು ಆಡಿಸುತ್ತಿದ್ದರು. ಆಂಪ್ಲಿಫೈಯರ್ ಪೂರ್ಣ ಶಕ್ತಿಯಲ್ಲಿದ್ದು, ಅದರ ಗಾಳಿ ತಂತಿಗಳಿಗೆ ತಾಗುವಷ್ಟು ಸದ್ದಿದ್ದಾಗಲೇ ಈ ವಿದ್ಯೆ ಪೂರ್ತಿ ಕೈಗೂಡುವುದು. ಸ್ಟುಡಿಯೋದ ಗಾಜಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ನುಡಿಸುವವನಿಗೆ ಅದು ಅರ್ಧ ಮಾತ್ರ ಸಿಗುತ್ತದೆ.

ಅರಕಲಗೂಡು ಕೇಳುಗ

ನಮ್ಮ ತಾಲ್ಲೂಕಿನ ರುದ್ರಪಟ್ಟಣದ ಹೆಸರನ್ನು ಸಂಗೀತ ಬಲ್ಲವರಿಗೆ ಪರಿಚಯಿಸಬೇಕಿಲ್ಲ. ಕಾವೇರಿ ತೀರದ ಆ ಗ್ರಾಮದಲ್ಲೇ 1920ರಲ್ಲಿ ಗಾಯಕ ಆರ್. ಕೆ. ಶ್ರೀಕಂಠನ್ ಅವರು ಹುಟ್ಟಿದ್ದು. ಕರ್ನಾಟಕ ಸಂಗೀತ ಕೇಳಿಕೊಂಡು ಬೆಳೆದ ನನಗೆ ಈ ಚರ್ಚೆಯ ವಿಷಯ ಹೊಸದಲ್ಲ. ಸ್ಟುಡಿಯೋದಲ್ಲಿ ಅಳತೆಗೆ ತಕ್ಕಂತೆ ಹಾಡಿದ ಕೃತಿಗೂ, ಕಚೇರಿಯಲ್ಲಿ ಅದೇ ವಿದ್ವಾಂಸರು ಅದೇ ಕೃತಿಗೆ ಆಲಾಪನೆ, ನೆರವಲ್, ಕಲ್ಪನಾಸ್ವರಗಳನ್ನು ಸೇರಿಸಿ ಬೆಳೆಸಿದ್ದಕ್ಕೂ ಇರುವ ವ್ಯತ್ಯಾಸ ನಮಗೆ ಚೆನ್ನಾಗಿ ಗೊತ್ತು. ಮನೋಧರ್ಮ ಅರಳುವುದು ಎದುರಿಗೆ ರಸಿಕರು ಕುಳಿತಾಗ.

ಸಕಲೇಶಪುರದವರು ಸೋಲೊ ಉದ್ದವಾಯಿತೆಂದು ಹೇಳಿದ್ದಾರೆ. ಉದ್ದ ಎಂಬುದು ತಾನಾಗಿಯೇ ಗುಣವೂ ಅಲ್ಲ, ದೋಷವೂ ಅಲ್ಲ. ಒಂದೊಂದು ಆವರ್ತನೆಗೂ ಹೊಸದೇನಾದರೂ ಬರುತ್ತಿದೆಯೇ ಎಂಬುದೇ ಪ್ರಶ್ನೆ. ‘ವಾಕ್ ಆನ್ ಹಾಟ್ ಕೋಲ್ಸ್’ ಹಾಡಿನಲ್ಲಿ ನಾನು ಗಿಟಾರಿಗಿಂತ ಹೆಚ್ಚಾಗಿ ಪಕ್ಕವಾದ್ಯಗಳ ಕಡೆಗೆ ಗಮನ ಕೊಟ್ಟು ಕೇಳಿದೆ. ಬೇಸ್ ಗಿಟಾರಿನ ಗೆರಿ ಮೆಕಾವೊಯ್, ಡ್ರಮ್ಸಿನ ರಾಡ್ ಡೆಯಾತ್, ಕೀಬೋರ್ಡಿನ ಲೂ ಮಾರ್ಟಿನ್ ಮೂವರೂ ಯಜಮಾನನ ಕೈಯನ್ನೇ ನೋಡುತ್ತಾ ನಿಂತಿದ್ದಾರೆಂದು ಕೇಳಿದರೇ ತಿಳಿಯುತ್ತದೆ. ರೋರಿ ಯಾವ ಹಾಡಿನ ನಂತರ ಯಾವ ಹಾಡೆಂದು ಮೊದಲೇ ಪಟ್ಟಿ ಬರೆದಿಡುವವರಲ್ಲವೆಂದು ಪ್ರಸಿದ್ಧಿ. ಅಂಥವರ ಜೊತೆ ನುಡಿಸಬೇಕಾದರೆ ಮೃದಂಗದವರು ಗಾಯಕರ ತುಟಿಯನ್ನು ಗಮನಿಸುವಷ್ಟೇ ಎಚ್ಚರ ಬೇಕು. ಮೆಕಾವೊಯ್ ಹಾಗೆ ಸುಮಾರು 20 ವರ್ಷ ಅವರ ಪಕ್ಕದಲ್ಲಿ ನಿಂತರು.

ಒಂದು ಭೇದವನ್ನೂ ಹೇಳಬೇಕು. ನಮ್ಮಲ್ಲಿ ರಾಗದ ಲಕ್ಷಣ ಕಲಾವಿದನನ್ನು ಹಿಡಿದಿಡುತ್ತದೆ. ರೋರಿಯವರ ಸಂಗೀತಕ್ಕೆ ಬುನಾದಿಯಾದ ಬ್ಲೂಸ್ ಪ್ರಕಾರದಲ್ಲಿ ಹಿಡಿತ ಇರುವುದು 12 ಬಾರ್‌ಗಳ, ಎಂದರೆ ತಾಳದ 12 ಅಳತೆಗಳ, ಚೌಕಟ್ಟಿನಲ್ಲಿ. ಆ ಚೌಕಟ್ಟು ಸಣ್ಣದಾದ್ದರಿಂದ ಪುನರಾವರ್ತನೆಯ ಅಪಾಯ ಹೆಚ್ಚು. ಅದನ್ನು ಗೆಲ್ಲಲು ರೋರಿ ಬಳಸುವುದು ಸದ್ದಿನ ಏರಿಳಿತ ಮತ್ತು ನಾದದ ಬಣ್ಣ. ಸೌಂಡ್ ಬಾಕ್ಸ್ ಅವರು ಗುಂಡಿಗಳ ಬಗ್ಗೆ ಬರೆದದ್ದನ್ನು ಓದಿದ ಮೇಲೆ ಅದು ನನಗೆ ಇನ್ನಷ್ಟು ಸ್ಪಷ್ಟವಾಯಿತು.

ಕೊಪ್ಪದ ಹಿಮ್ಮೇಳ

ನಮ್ಮ ಕಡೆ ಯಕ್ಷಗಾನ ಕೇಳುವವರಿಗೆ ಕಾಳಿಂಗ ನಾವಡರ ಹೆಸರು ಸಾಕು. 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಅವರಿನ್ನೂ ಚಿಕ್ಕ ವಯಸ್ಸಿನವರು. ಬಯಲಿನಲ್ಲಿ, ಆಟದ ನಡುವೆ ಮುದ್ರಿಸಿದ ಅವರ ಭಾಗವತಿಕೆಯ ಕ್ಯಾಸೆಟ್‌ಗಳು ಕೈಯಿಂದ ಕೈಗೆ ದಾಟಿ, ಮತ್ತೆ ಮತ್ತೆ ಪ್ರತಿಯಾಗಿ ಉಳಿದುಕೊಂಡವು. ಅವುಗಳಲ್ಲಿ ಚೆಂಡೆಯ ಸದ್ದು ಕೆಲವೆಡೆ ಒಡೆದಿದೆ, ಜನರ ಮಾತು, ಶಿಳ್ಳೆ ಸೇರಿಕೊಂಡಿದೆ. ಆದರೂ ಶುದ್ಧವಾಗಿ ಮುದ್ರಿಸಿದ ಕ್ಯಾಸೆಟ್‌ಗಿಂತ ಅವನ್ನೇ ಕಾಪಾಡಿಕೊಂಡವರು ನಮ್ಮಲ್ಲಿ ಹೆಚ್ಚು, ಏಕೆಂದರೆ ವೇಷಧಾರಿ ರಂಗದ ಮೇಲೆ ಕುಣಿಯುತ್ತಿರುವಾಗ ಪದ್ಯದ ಸಾಲನ್ನು ಎಷ್ಟು ಬಾರಿ ಎತ್ತಿಕೊಡಬೇಕು, ಎಲ್ಲಿ ಕಾಯಬೇಕು ಎಂಬ ಭಾಗವತರ ತೀರ್ಮಾನ ಆಟದ ಮುದ್ರಣದಲ್ಲಿ ಮಾತ್ರ ಕೇಳಿಸುತ್ತದೆ.

ರೋರಿಯವರ ವಿಷಯದಲ್ಲೂ ನನಗೆ ಹಿಡಿಸಿದ್ದು ಅದೇ. ‘ಐರಿಷ್ ಟೂರ್’ನಲ್ಲಿ ‘ಆ್ಯಸ್ ದ ಕ್ರೋ ಫ್ಲೈಸ್’ ಎಂಬ ಹಾಡನ್ನು ಅವರು ವಿದ್ಯುತ್ತಿಲ್ಲದ ಉಕ್ಕಿನ ರೆಸೊನೇಟರ್ ಗಿಟಾರ್ ಮತ್ತು ಮೌತ್ ಆರ್ಗನ್ ಎರಡನ್ನೂ ತಾವೇ ನುಡಿಸುತ್ತಾ ಹಾಡುತ್ತಾರೆ. ವಿದ್ಯುತ್ ಗಿಟಾರಿನ ಅಬ್ಬರ ಕೇಳಿದ್ದ ಸಭೆಯನ್ನು ಒಬ್ಬರೇ, ಅಷ್ಟು ತೆಳುವಾದ ನಾದದಿಂದ ಹಿಡಿದಿಡುವುದು ಸುಲಭವಲ್ಲ. ಹಾಗೆ ಹಿಡಿದಿಟ್ಟದ್ದಕ್ಕೆ ಪುರಾವೆ ಆ ಮುದ್ರಣದಲ್ಲಿರುವ ಸಭಿಕರೇ.

ಹೊಸ ಕಿವಿ, ಹಾಸನ

ನಾನು ಇಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಗಿಟಾರ್ ಕಲಿಯಲು ಆರಂಭಿಸಿದ್ದೇನೆ. ಹಿರಿಯರೆಲ್ಲರ ಬರಹ ಓದಿ ನನಗೊಂದು ಪ್ರಶ್ನೆ ಹುಟ್ಟಿದೆ. ಇಷ್ಟು ಶಕ್ತಿಯಿದ್ದ ಕಲಾವಿದರು ಅದನ್ನೇ ಸ್ಟುಡಿಯೋಕ್ಕೆ ತರಲು ಏಕೆ ಪ್ರಯತ್ನಿಸಲಿಲ್ಲ? ಪ್ರಯತ್ನಿಸಿದ್ದರೆ ಏನಾಯಿತು?

ಮುಳ್ಳಯ್ಯನಗಿರಿ, ಚಿಕ್ಕಮಗಳೂರು

ಒಳ್ಳೆಯ ಪ್ರಶ್ನೆ ಕೇಳಿದ್ದೀಯಪ್ಪ. ಅವರು ಪ್ರಯತ್ನಿಸಿದರು, ಜೀವನಪೂರ್ತಿ ಪ್ರಯತ್ನಿಸಿದರು. 1971ರ ‘ಡ್ಯೂಸ್’ ಆಲ್ಬಮ್ ಮಾಡುವಾಗ ಕಚೇರಿಯ ಕಾವು ಆರುವ ಮೊದಲೇ ಮುದ್ರಿಸಬೇಕೆಂದು, ಕಚೇರಿಗಳ ಹಿಂದುಮುಂದಿನ ವೇಳೆಯಲ್ಲೇ ಸ್ಟುಡಿಯೋಕ್ಕೆ ಹೋಗುತ್ತಿದ್ದರು. ಆದ್ದರಿಂದಲೇ ಅವರ ಸ್ಟುಡಿಯೋ ಆಲ್ಬಮ್‌ಗಳಲ್ಲಿ ನನಗೆ ಅದು ಅಚ್ಚುಮೆಚ್ಚು.

ಆದರೆ ಸ್ಟುಡಿಯೋ ಅವರಿಗೆ ನೆಮ್ಮದಿ ಕೊಡಲಿಲ್ಲ ಎಂಬುದಕ್ಕೆ ದೊಡ್ಡ ಸಾಕ್ಷಿ 1978ರ ಸ್ಯಾನ್ ಫ್ರಾನ್ಸಿಸ್ಕೋ ಪ್ರಕರಣ. ನಿರ್ಮಾಪಕ ಎಲಿಯಟ್ ಮೇಜರ್ ಅವರ ಜೊತೆ ಅಲ್ಲಿ ಒಂದು ಇಡೀ ಆಲ್ಬಮ್ ಮುದ್ರಿಸಿದರು. ಅದರ ಮಿಕ್ಸ್, ಎಂದರೆ ಎಲ್ಲ ವಾದ್ಯಗಳ ಸದ್ದನ್ನು ಹದವಾಗಿ ಕೂಡಿಸಿದ ರೂಪ, ರೋರಿಯವರಿಗೆ ಒಪ್ಪಿಗೆಯಾಗಲಿಲ್ಲ. ಹೊರಬರಬೇಕಿದ್ದ ಆಲ್ಬಮ್ಮನ್ನು ನಿಲ್ಲಿಸಿಯೇಬಿಟ್ಟರು. ಅಷ್ಟೇ ಅಲ್ಲ, ಡೆಯಾತ್ ಮತ್ತು ಮಾರ್ಟಿನ್ ಇಬ್ಬರನ್ನೂ ತಂಡದಿಂದ ಬಿಡಿಸಿ, ಟೆಡ್ ಮೆಕೆನ್ನಾ ಎಂಬ ಹೊಸ ಡ್ರಮ್ಸ್ ವಾದಕರನ್ನು ಸೇರಿಸಿಕೊಂಡು, ಮೂವರೇ ಕುಳಿತು ‘ಫೋಟೋ ಫಿನಿಶ್’ ಎಂಬ ಆಲ್ಬಮ್ಮನ್ನು ಹೊಸದಾಗಿ ಮುದ್ರಿಸಿದರು. ಕೈಬಿಟ್ಟಿದ್ದ ಆ ಟೇಪುಗಳು 2011ರಲ್ಲಿ ‘ನೋಟ್ಸ್ ಫ್ರಮ್ ಸ್ಯಾನ್ ಫ್ರಾನ್ಸಿಸ್ಕೋ’ ಎಂಬ ಹೆಸರಿನಲ್ಲಿ ಹೊರಬಂದವು. ಅದರ ಎರಡನೆಯ ತಟ್ಟೆಯಲ್ಲಿ 1979ರ ಡಿಸೆಂಬರಿನಲ್ಲಿ ಅದೇ ನಗರದ ಓಲ್ಡ್ ವಾಲ್ಡಾರ್ಫ್ ಎಂಬಲ್ಲಿ ನುಡಿಸಿದ ಕಚೇರಿಯಿದೆ. ಒಂದೇ ನಗರ, ಒಬ್ಬರೇ ಕಲಾವಿದರು. ಒಂದು ಕಡೆ ಅನುಮಾನದಿಂದ ನಿಂತುಹೋದ ಕೆಲಸ, ಇನ್ನೊಂದು ಕಡೆ ಹಿಂದೆಮುಂದೆ ನೋಡದೆ ನುಗ್ಗುವ ಕೆಲಸ. ಎರಡನ್ನೂ ಒಂದರ ಹಿಂದೊಂದರಂತೆ ಕೇಳಿ ನೋಡು.

ಸಕಲೇಶಪುರದವರು ಸ್ಟುಡಿಯೋದಲ್ಲಿ ವಿವೇಚನೆಗೆ ಅವಕಾಶವಿದೆ ಎಂದರು. ಒಪ್ಪುವ ಮಾತೇ. ಆದರೆ ತೂಗಿ ನೋಡುವ ಅವಕಾಶವೇ ಕೆಲವರಿಗೆ ಹಿಂಸೆಯಾಗುತ್ತದೆ. ರೋರಿ ತೂಗುತ್ತಲೇ ಇರುವ ಸ್ವಭಾವದವರು. ಯಾವ ಮಿಕ್ಸ್ ಕೂಡ ಅವರಿಗೆ ಸಾಲುತ್ತಿರಲಿಲ್ಲ. ವೇದಿಕೆಯ ಮೇಲೆ ತೂಗಲು ಸಮಯವಿಲ್ಲ, ಸ್ವರ ಬಂದಾಗಿದೆ, ಜನ ಕೇಳಿಯಾಗಿದೆ, ಮುಂದಿನ ಸ್ವರಕ್ಕೆ ಹೋಗಲೇಬೇಕು. ಆ ಒತ್ತಾಯವೇ ಅವರನ್ನು ಬಿಡುಗಡೆ ಮಾಡುತ್ತಿತ್ತು. ಅವರ ಲೈವ್ ಧ್ವನಿಮುದ್ರಣಗಳ ಆಕರ್ಷಣೆಯ ಮೂಲ ಇಲ್ಲಿದೆ ಎಂದು ನನಗೆ ತೋರುತ್ತದೆ. ಎಲ್ಲ ಕಲಾವಿದರಿಗೂ ಇದು ಅನ್ವಯಿಸುತ್ತದೆಂದು ನಾನು ವಾದಿಸುವುದಿಲ್ಲ. ಸ್ಟುಡಿಯೋವನ್ನೇ ವಾದ್ಯದಂತೆ ಬಳಸಿ ಗೆದ್ದವರು ಬೇಕಾದಷ್ಟು ಜನರಿದ್ದಾರೆ.

ಹೇಮಾವತಿ ದಂಡೆ, ಸಕಲೇಶಪುರ

ಈ ವಿವರಣೆ ನನಗೆ ಹಿಡಿಸಿತು, ಏಕೆಂದರೆ ಇದು ಲೈವ್ ಎಂಬ ಕಾರಣಕ್ಕೇ ಎಲ್ಲವನ್ನೂ ಹೊಗಳುವ ವಾದವಲ್ಲ, ಒಬ್ಬ ಕಲಾವಿದರ ಸ್ವಭಾವದ ಕುರಿತ ವಾದ. ಆದರೆ ನನ್ನ ಮೊದಲ ತಕರಾರನ್ನು ನಾನು ಹಿಂದಕ್ಕೆ ಪಡೆಯುವುದಿಲ್ಲ. ‘ಐರಿಷ್ ಟೂರ್’ನಲ್ಲಿ ‘ಹೂ ಈಸ್ ದಟ್ ಕಮಿಂಗ್’ 10 ನಿಮಿಷ ಹಿಡಿಯುತ್ತದೆ, ನನಗೆ ಅದರಲ್ಲಿ 6 ನಿಮಿಷ ಸಾಕು. ಅದೇ ಆಲ್ಬಮ್ಮಿನ ‘ಟ್ಯಾಟೂಡ್ ಲೇಡಿ’ 5 ನಿಮಿಷದಲ್ಲಿ ಮುಗಿಯುತ್ತದೆ. ವೇದಿಕೆಯ ಕಾವೂ ಇದೆ, ಹಾಡಿನ ಅಳತೆಯೂ ಕೆಟ್ಟಿಲ್ಲ. ನನ್ನ ಮಟ್ಟಿಗೆ ಆಲ್ಬಮ್ಮಿನ ಶಿಖರ ಅದು. ಇನ್ನೊಂದು ವಿಷಯವನ್ನು ಕೇಳುಗರು ಗಮನಿಸಬೇಕು. ಕೊನೆಯ ಭಾಗದ ‘ಬ್ಯಾಕ್ ಆನ್ ಮೈ ಸ್ಟಾಂಪಿನ್ ಗ್ರೌಂಡ್’ ಸಭಿಕರೆದುರಿನ ಕಚೇರಿಯದ್ದಲ್ಲ, ಬಿಡುವಿನಲ್ಲಿ ತಂಡದವರು ತಮ್ಮಷ್ಟಕ್ಕೆ ನುಡಿಸಿಕೊಂಡದ್ದು. ಆಲ್ಬಮ್ಮಿನ ಹಣೆಪಟ್ಟಿ ನೋಡಿ ಎಲ್ಲವನ್ನೂ ಒಂದೇ ಎಂದು ಭಾವಿಸಬಾರದು.

ಸೌಂಡ್ ಬಾಕ್ಸ್, ಹಾಸನ

ಆ ಹಾಡಿನಲ್ಲಿ ಸಭಾಂಗಣದ ಗುಂಗು ಇಲ್ಲದಿರುವುದನ್ನು ಉಳಿದ ಹಾಡುಗಳೊಂದಿಗೆ ಹೋಲಿಸಿ ಕೇಳಿ. ಸದ್ದು ಹತ್ತಿರಕ್ಕೆ ಬರುತ್ತದೆ, ಆದರೆ ಅದರ ಸುತ್ತಲಿನ ಜಾಗ ಕುಗ್ಗುತ್ತದೆ. ನಾನು ಮೇಲೆ ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಹೊಸ ಕಿವಿ, ಹಾಸನ

ಸರ್, ಎಲ್ಲರಿಗೂ ಧನ್ಯವಾದಗಳು. ಕೇಳಲು ಆರಂಭಿಸುವುದಾದರೆ ಯಾವುದರಿಂದ ಆರಂಭಿಸಲಿ? ಫೋನಿನ ಸ್ಪೀಕರ್ ಸಾಕಾಗುತ್ತದೆಯೇ?

ಮುಳ್ಳಯ್ಯನಗಿರಿ, ಚಿಕ್ಕಮಗಳೂರು

ಫೋನಿನ ಸ್ಪೀಕರಿನಲ್ಲಿ ಮೆಕಾವೊಯ್ ಅವರ ಬೇಸ್ ಗಿಟಾರ್ ಕೇಳಿಸುವುದೇ ಇಲ್ಲ, ಆದ್ದರಿಂದ ಹೆಡ್‌ಫೋನ್ ಹಾಕಿಕೋ. ಮೊದಲು ‘ಐರಿಷ್ ಟೂರ್’ನ ‘ಕ್ರೇಡಲ್ ರಾಕ್’ ಕೇಳು, ಅದರಲ್ಲಿ ಸ್ಲೈಡ್ ವಾದನವಿದೆ, ಎಂದರೆ ಬೆರಳಿಗೆ ಹಾಕಿದ ಕೊಳವೆಯನ್ನು ತಂತಿಗಳ ಮೇಲೆ ಜಾರಿಸಿ ನುಡಿಸುವುದು. ಗಿಟಾರ್ ಕಲಿಯುತ್ತಿರುವವನಿಗೆ ಅದೊಂದು ಪಾಠ. ಆಮೇಲೆ ‘ಎ ಮಿಲಿಯನ್ ಮೈಲ್ಸ್ ಅವೇ’. ಅದೇ ಹಾಡನ್ನು 1977ರ ಇಂಗ್ಲೆಂಡ್ ಪ್ರವಾಸದ ಕಚೇರಿಗಳಿಂದ ಆಯ್ದು 2020ರಲ್ಲಿ ಹೊರತಂದ ‘ಚೆಕ್ ಶರ್ಟ್ ವಿಜರ್ಡ್’ ಸಂಗ್ರಹದಲ್ಲಿ ಮತ್ತೊಮ್ಮೆ ಕೇಳು. ಅದೇ ನಾಲ್ವರು, ನಡುವೆ ಮೂರು ವರ್ಷಗಳ ತಿರುಗಾಟ. ಎಲ್ಲೆಲ್ಲಿ ಹಾದಿ ಬದಲಿಸಿದ್ದಾರೆಂದು ಗುರುತು ಮಾಡಿಕೋ.

ಕೈಗಳನ್ನು ನೋಡಬೇಕೆನ್ನಿಸಿದರೆ ಟೋನಿ ಪಾಮರ್ ಅವರು ಅದೇ 1974ರ ಪ್ರವಾಸದ ಕುರಿತು ತೆಗೆದ ಚಲನಚಿತ್ರವಿದೆ. ಅದರಲ್ಲಿ ಅವರ 1961ರ ಸ್ಟ್ರಾಟೊಕ್ಯಾಸ್ಟರ್ ಗಿಟಾರನ್ನು ಗಮನಿಸು. 1963ರಲ್ಲಿ, ಹದಿನೈದು ವರ್ಷದ ಹುಡುಗನಾಗಿದ್ದಾಗ ಕಾರ್ಕ್‌ನ ಅಂಗಡಿಯೊಂದರಲ್ಲಿ 100 ಪೌಂಡಿಗೆ ಕಂತಿನ ಮೇಲೆ ಕೊಂಡದ್ದು. ಬಣ್ಣವೆಲ್ಲ ಹೋಗಿ ಬರೀ ಮರ ಕಾಣುವಂತಾಗಿದೆ. ಬಲಗೈಯ ಕಿರುಬೆರಳು ವಾಲ್ಯೂಮ್ ಗುಂಡಿಯ ಬಳಿ ಏನು ಮಾಡುತ್ತಿದೆ ಎಂದು ನೋಡಿಕೊಂಡು, ನಿನ್ನ ಗಿಟಾರಿನಲ್ಲಿ ಅದನ್ನೇ ಪ್ರಯತ್ನಿಸು. ಆಂಪ್ಲಿಫೈಯರ್ ಬೇಕಾಗುತ್ತದೆ, ಹಾಸನದಲ್ಲೇ ಇದ್ದೀಯಲ್ಲ, ಅದಕ್ಕೆ ಸೌಂಡ್ ಬಾಕ್ಸ್ ಅವರನ್ನು ಕೇಳು.

ಸೌಂಡ್ ಬಾಕ್ಸ್, ಹಾಸನ

ಅಗತ್ಯವಾಗಿ ಬರಲಿ. ವಾಲ್ವ್ ಆಂಪ್ಲಿಫೈಯರ್ ನನ್ನಲ್ಲಿಲ್ಲ, ಆದರೆ ಗುಂಡಿಯನ್ನು ಇಳಿಸಿದಾಗ ನಾದ ಹೇಗೆ ಬದಲಾಗುತ್ತದೆ ಎಂಬುದನ್ನು ತೋರಿಸುವಷ್ಟು ಸಲಕರಣೆ ಇದೆ. ಸಮಾರಂಭಗಳಿಲ್ಲದ ದಿನ ನೋಡಿಕೊಂಡು ಸಂಜೆ ಹೊತ್ತಿಗೆ ಬಾಪ್ಪ, ಗಿಟಾರನ್ನೂ ತೆಗೆದುಕೊಂಡು ಬಾ.